ಆರರ ಮಗ್ಗಿಯ ಬುಟ್ಟಿ

ಭಾನುವಾರ ರಾತ್ರಿ ಎಂಟು ಗಂಟೆ. ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ಏಳನೇ ತರಗತಿಯ ಹುಡುಗನಿಗೆ ತಟ್ಟನೆ ನೆನಪಾಗುತ್ತದೆ: ನಾಳೆ ಶಾಲೆಗೆ ‘ಕಸದಿಂದ ರಸ’ ಮಾಡಿಕೊಂಡು ಹೋಗಬೇಕು! ಅಪ್ಪ ಗೊಣಗುತ್ತಲೇ ಸ್ಕೂಟರ್ ತೆಗೆದು ಅಂಗಡಿಗೆ ಓಡುತ್ತಾರೆ. ಹೊಸ ಥರ್ಮೋಕೋಲ್ ಹಾಳೆ, ಹೊಸ ಐಸ್‌ಕ್ರೀಂ ಕಡ್ಡಿಗಳ ಕಟ್ಟು, ಮಿನುಗುವ ಪುಡಿ, ಅಂಟು ಎಲ್ಲ ಬರುತ್ತವೆ. ಅಮ್ಮ ಹನ್ನೊಂದರವರೆಗೆ ಕುಳಿತು ಅಂಟಿಸುತ್ತಾರೆ. ಅಷ್ಟರಲ್ಲಿ ಹುಡುಗ ನಿದ್ದೆ ಹೋಗಿರುತ್ತಾನೆ. ಅಂಕ ಮಾತ್ರ ಅವನಿಗೆ. ಮೂರು ವಾರ ಕಳೆದ ಮೇಲೆ ಆ ‘ರಸ’ ಶಾಲೆಯ ಹಿಂದಿನ ಕಸದ ಗುಂಡಿ ಸೇರುತ್ತದೆ.

ಹಾಗಾದರೆ ಕಸದಿಂದ ರಸ ಬಂತೋ, ರಸದಿಂದ ಕಸ ಬಂತೋ?

ತಮಾಷೆಯೆಂದರೆ, ನಿಜವಾದ ಕಚ್ಚಾ ಸಾಮಗ್ರಿ ಅದೇ ಮನೆಯ ಬೀರುವಿನ ಕೆಳಖಾನೆಯಲ್ಲಿ ಮುದುರಿ ಬಿದ್ದಿರುತ್ತದೆ. ಕತ್ತು ಜೋತುಬಿದ್ದ ಟೀ ಶರ್ಟು, ಅಂಚು ಸವೆದ ಅಜ್ಜಿಯ ಹತ್ತಿ ಸೀರೆ, ಯಾವುದೋ ಸ್ವೆಟರ್ ಹೆಣೆದು ಉಳಿದ ಅರ್ಧ ಉಂಡೆ ಉಲ್ಲನ್. ಎಸೆಯಲು ಮನಸ್ಸಿಲ್ಲ, ಬಳಸಲು ದಾರಿಯಿಲ್ಲ. ಒಂದು ಹತ್ತಿ ಟೀ ಶರ್ಟಿನ ಹಿಂದೆ, ಹತ್ತಿ ಬೆಳೆಯುವುದರಿಂದ ಹಿಡಿದು ಬಟ್ಟೆ ಸಿದ್ಧವಾಗುವವರೆಗೆ, ಸುಮಾರು 2,700 ಲೀಟರ್ ನೀರು ಖರ್ಚಾಗುತ್ತದೆ ಎಂಬ ಅಂದಾಜಿದೆ. ಇಷ್ಟು ನೀರು ಕುಡಿದ ವಸ್ತುವಿಗೆ ಇನ್ನೊಂದು ಜನ್ಮ ಕೊಡುವುದು ಅನ್ಯಾಯವೇನಲ್ಲ.

ಅದಕ್ಕೆ ಬೇಕಾದದ್ದು ಒಂದು ಕತ್ತರಿ ಮತ್ತು ಒಂದು ಕ್ರೋಶಾ ಕಡ್ಡಿ. ಲೇಸು ಹೆಣೆಯುವ ಸಣ್ಣ ಉಕ್ಕಿನ ಕಡ್ಡಿ ಇದಕ್ಕಾಗದು. ಬಟ್ಟೆಪಟ್ಟಿಗೆ 8ರಿಂದ 10 ಮಿಲಿಮೀಟರ್ ದಪ್ಪದ, ತುದಿಯಲ್ಲಿ ಕೊಕ್ಕೆಯಿರುವ ಕಡ್ಡಿ ಬೇಕು.

ಬಟ್ಟೆಯೊಳಗಿನ ವಿಜ್ಞಾನ

ಕತ್ತರಿ ಹಿಡಿಯುವ ಮೊದಲು ಭೂತಗನ್ನಡಿಯಲ್ಲಿ ಎರಡೂ ಬಟ್ಟೆಗಳನ್ನು ನೋಡಬೇಕು. ಸೀರೆ ನೇಯ್ದ ಬಟ್ಟೆ. ಅದರಲ್ಲಿ ಹಾಸು ಮತ್ತು ಹೊಕ್ಕು ಎಂಬ ಎರಡು ಎಳೆಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಹಾಗಾಗಿ ಹತ್ತಿ ಸೀರೆಯ ತುದಿಯಲ್ಲಿ ಒಂದು ಕಚ್ಚು ಹಾಕಿ ಎಳೆದರೆ ಪರ್‍ರನೆ ನೇರವಾಗಿ ಹರಿಯುತ್ತದೆ. ಟೀ ಶರ್ಟು, ಬನಿಯನ್ನುಗಳು ಹೆಣೆದ ಬಟ್ಟೆ. ಅಲ್ಲಿರುವುದು ಕುಣಿಕೆಯೊಳಗೆ ಕುಣಿಕೆ. ಎಳೆದಾಗ ಕುಣಿಕೆಗಳು ಆಕಾರ ಬದಲಿಸುವುದರಿಂದಲೇ ಬನಿಯನ್ನು ಹಿಗ್ಗುತ್ತದೆ. ಅದರ ಮುಂಬದಿ ಮತ್ತು ಹಿಂಬದಿಯ ಸೆಳೆತ ಸಮನಾಗಿಲ್ಲ. ಆದ್ದರಿಂದ ಪಟ್ಟಿಯಾಗಿ ಕತ್ತರಿಸಿ ಎಳೆದರೆ ಅಂಚುಗಳು ತಾವಾಗಿಯೇ ಸುರುಳಿಗೊಂಡು ದುಂಡನೆಯ ಹುರಿಯಾಗುತ್ತದೆ.

ಟೀ ಶರ್ಟನ್ನು ಕಂಕುಳಿನ ಕೆಳಗೆ ಅಡ್ಡಲಾಗಿ ಕತ್ತರಿಸಿ, ಕೆಳಗಿನ ಮಡಿಕೆ ಹೊಲಿಗೆ ತೆಗೆದರೆ ಒಂದು ಕೊಳವೆ ಉಳಿಯುತ್ತದೆ. ಅದನ್ನು ಎರಡೂವರೆ ಸೆಂಟಿಮೀಟರ್ ಅಗಲದಲ್ಲಿ, ಕಿತ್ತಳೆ ಸಿಪ್ಪೆಯನ್ನು ಒಂದೇ ಎಳೆಯಾಗಿ ಸುಲಿಯುವಂತೆ, ಸುತ್ತುಸುತ್ತಾಗಿ ಕತ್ತರಿಸುತ್ತ ಹೋಗಬೇಕು. ಕೊಳವೆಯ ಸುತ್ತಳತೆ 1 ಮೀಟರ್, ಎತ್ತರ 40 ಸೆಂಟಿಮೀಟರ್ ಇದ್ದರೆ ಎಷ್ಟು ಉದ್ದದ ಪಟ್ಟಿ ಸಿಗುತ್ತದೆ? 16 ಸುತ್ತು, ಅಂದರೆ 16 ಮೀಟರ್. ಅದೇ ಐದೂವರೆ ಮೀಟರ್ ಉದ್ದ, 115 ಸೆಂಟಿಮೀಟರ್ ಅಗಲದ ಸೀರೆಯನ್ನು ಎರಡು ಸೆಂಟಿಮೀಟರಿನ ಪಟ್ಟಿ ಮಾಡಿದರೆ 300 ಮೀಟರಿಗೂ ಹೆಚ್ಚು! ಲೆಕ್ಕ ಮಾಡಿ ನೋಡುವ ಕೆಲಸ ಮಕ್ಕಳಿಗೆ ಬಿಟ್ಟದ್ದು.

ಪಟ್ಟಿಗಳನ್ನು ಜೋಡಿಸಲು ಸೂಜಿ ಬೇಡ. ಹಳೆಯ ಪಟ್ಟಿಯ ತುದಿಯಲ್ಲೂ ಹೊಸ ಪಟ್ಟಿಯ ತುದಿಯಲ್ಲೂ ಗುಂಡಿಯ ಕಾಜದಂಥ ಸಣ್ಣ ಸೀಳು ಮಾಡಿ, ಒಂದರ ಮೇಲೊಂದು ಇಡಬೇಕು. ಹೊಸ ಪಟ್ಟಿಯ ಇನ್ನೊಂದು ತುದಿಯನ್ನು ಕೆಳಗಿನಿಂದ ಎರಡೂ ಸೀಳುಗಳೊಳಗೆ ತೂರಿಸಿ ಎಳೆದರೆ ಸಾಕು, ಗಂಟು ತಾನೇ ಬಿಗಿಯುತ್ತದೆ. ಒಂದು ಎಚ್ಚರಿಕೆ: ಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿರಬೇಕು. ಕುಗ್ಗುವುದಿದ್ದರೆ ಬುಟ್ಟಿಯಾಗುವ ಮೊದಲೇ ಕುಗ್ಗಲಿ.

ಆರರ ಮರ್ಮ

ಕ್ರೋಶಾದಲ್ಲಿ ಕಲಿಯಬೇಕಾದದ್ದು ಒಂದೇ ತಂತ್ರ: ಕುಣಿಕೆಯೊಳಗಿಂದ ಕುಣಿಕೆ ಎಳೆಯುವುದು. ಬುಟ್ಟಿಗೆ ಸಿಂಗಲ್ ಕ್ರೋಶಾ ಎಂಬ ಹೊಲಿಗೆ ಸಾಕು. ಹಿಂದಿನ ಹೊಲಿಗೆಯೊಳಗೆ ಕೊಕ್ಕೆ ತೂರಿಸಿ ಒಂದು ಕುಣಿಕೆ ಎಳೆಯುವುದು, ಆಗ ಕಡ್ಡಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ, ಎರಡರೊಳಗಿಂದಲೂ ಪಟ್ಟಿಯನ್ನು ಮತ್ತೊಮ್ಮೆ ಎಳೆಯುವುದು. ಇಷ್ಟೆ. (ಅಮೆರಿಕದ ಪುಸ್ತಕಗಳು ಸಿಂಗಲ್ ಎನ್ನುವುದನ್ನೇ ಇಂಗ್ಲೆಂಡಿನ ಪುಸ್ತಕಗಳು ಡಬಲ್ ಎನ್ನುತ್ತವೆ. ಪುಸ್ತಕ ನೋಡಿ ಕಲಿಯುವವರು ಮೋಸಹೋಗಬಾರದು.)

ತಳಕ್ಕೆ ಮೊದಲು ಒಂದು ಉಂಗುರದೊಳಗೆ 6 ಹೊಲಿಗೆ. ಎರಡನೇ ಸುತ್ತಿನಲ್ಲಿ ಪ್ರತಿ ಹೊಲಿಗೆಯಲ್ಲೂ ಎರಡೆರಡು, ಒಟ್ಟು 12. ಮೂರನೆಯದರಲ್ಲಿ ಒಂದು ಬಿಟ್ಟು ಒಂದರಲ್ಲಿ ಎರಡು, ಒಟ್ಟು 18. ನಾಲ್ಕನೆಯದರಲ್ಲಿ 24. ಬೇರೇನೂ ಅಲ್ಲ, ಆರರ ಮಗ್ಗಿ! ಆದರೆ ಆರೇ ಏಕೆ, ಐದೋ ಎಂಟೋ ಏಕಲ್ಲ?

ಉತ್ತರ ಗಣಿತದ ಪುಸ್ತಕದಲ್ಲೇ ಇದೆ. ವೃತ್ತದ ಪರಿಧಿ ತ್ರಿಜ್ಯದ ಎರಡು ಪೈ ಪಟ್ಟು, ಅಂದರೆ ಸುಮಾರು 6.28 ಪಟ್ಟು. ಸಿಂಗಲ್ ಕ್ರೋಶಾ ಹೊಲಿಗೆಯ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ. ಪ್ರತಿ ಸುತ್ತಿಗೆ ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೆದರೆ ಪರಿಧಿ ಆರು ಹೊಲಿಗೆಯಷ್ಟು ಬೆಳೆಯಲೇಬೇಕು. ಉಳಿದ ಚೂರುಪಾರನ್ನು ಬಟ್ಟೆಯ ಹಿಗ್ಗುವ ಗುಣ ಸರಿತೂಗಿಸುತ್ತದೆ. ಪೈ ಎಂದರೆ ಪರೀಕ್ಷೆಯ ಹಿಂದಿನ ದಿನ ಉರುಹೊಡೆಯುವ ಸಂಖ್ಯೆ ಎಂದುಕೊಂಡಿದ್ದ ಹುಡುಗನ ಕೈಗೇ ಅದು ಸಿಕ್ಕಿಬಿಡುತ್ತದೆ.

ಎಂಟು ಸುತ್ತು ಮುಗಿದಾಗ 48 ಹೊಲಿಗೆ, ಸುಮಾರು 18 ಸೆಂಟಿಮೀಟರ್ ಅಗಲದ ತಳ. ಇಲ್ಲಿಂದ ಹೊಲಿಗೆ ಹೆಚ್ಚಿಸುವುದನ್ನು ನಿಲ್ಲಿಸಿ, ಪ್ರತಿ ಸುತ್ತಿಗೂ 48ನ್ನೇ ಹಾಕುತ್ತ ಹೋದರೆ ಗೋಡೆ ತಾನಾಗಿ ಮೇಲೇಳುತ್ತದೆ. ವೃತ್ತ ಸಿಲಿಂಡರ್ ಆಗುತ್ತದೆ. ಉಳಿದ ಉಲ್ಲನ್ ಎಳೆಯನ್ನು ಪಟ್ಟಿಯ ಜೊತೆಗೇ ಹಿಡಿದು ಹೆಣೆದರೆ ಬಣ್ಣಕ್ಕೆ ಬಣ್ಣ, ದಪ್ಪಕ್ಕೆ ದಪ್ಪ.

ಲೆಕ್ಕ ತಪ್ಪಿದರೆ? ಹೆಚ್ಚಿಸಿದ್ದು ಕಡಿಮೆಯಾದರೆ ತಳ ಟೋಪಿಯಂತೆ ಬಾಗುತ್ತದೆ. ಹೆಚ್ಚಾದರೆ ಅಂಚು ಹುಂಜದ ಜುಟ್ಟಿನಂತೆ ನಿರಿಗೆ ನಿರಿಗೆಯಾಗುತ್ತದೆ. ಮನೆಯಲ್ಲಿ ಇದನ್ನು ಕೆಟ್ಟುಹೋಯಿತು ಎನ್ನುತ್ತಾರೆ. ಆದರೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಬೇಕೆಂದೇ ಹೀಗೆ ಹೆಣೆದರು. ಅತಿಪರವಲಯ ತಲ ಎಂಬ ವಿಚಿತ್ರ ಮೇಲ್ಮೈಯನ್ನು ತೋರಿಸಲು ಅಲ್ಲಿಯವರೆಗೆ ಹರಿದುಹೋಗುವ ಕಾಗದದ ಮಾದರಿಗಳನ್ನು ಬಳಸುತ್ತಿದ್ದರು. ಅವರ ಕ್ರೋಶಾ ಮಾದರಿಯನ್ನು ಕೈಯಲ್ಲಿ ಹಿಡಿದು ಮಡಚಬಹುದಿತ್ತು, ಎಳೆಯಬಹುದಿತ್ತು. ಒಬ್ಬರ ತಪ್ಪು ಇನ್ನೊಬ್ಬರ ಪಾಠವಾಗುವುದು ಹೀಗೆ.

ನಮ್ಮ ನೆಲುವು, ನಮ್ಮ ಕೌದಿ

ಕ್ರೋಶಾ ಹೊರಗಿನಿಂದ ಬಂದ ವಿದ್ಯೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ನಾಶವಾಗಿ ಘೋರ ಕ್ಷಾಮ ಬಂದಾಗ ಎಷ್ಟೋ ಬಡ ಕುಟುಂಬಗಳು ಕ್ರೋಶಾ ಲೇಸು ಮಾರಿ ಹೊಟ್ಟೆ ಹೊರೆದವು. ಆಂಧ್ರದ ಗೋದಾವರಿ ತೀರದ ನರಸಾಪುರದ ಸುತ್ತ ಮಿಷನರಿಗಳಿಂದ ಕಲಿತ ಈ ಹೆಣಿಗೆ ಸಾವಿರಾರು ಹೆಂಗಸರ ಕೈಕಸುಬಾಯಿತು. ಹಳೆಯದನ್ನು ಹೊಸದಾಗಿಸುವ ಬುದ್ಧಿ ಮಾತ್ರ ನಮ್ಮದೇ. ಅಡುಗೆಮನೆಯ ಜಂತೆಯಿಂದ ಇಳಿಬಿಟ್ಟು, ಹಾಲು ಮೊಸರಿನ ಗಡಿಗೆಯನ್ನು ಬೆಕ್ಕಿನಿಂದ ಕಾಪಾಡುತ್ತಿದ್ದ ನೆಲುವು, ಕೊಡದ ಕೆಳಗಿನ ಸಿಂಬೆ, ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ: ಇವುಗಳ ಮುಂದೆ ಬಟ್ಟೆಪಟ್ಟಿಯ ಬುಟ್ಟಿ ಕಿರಿಯ ತಂಗಿ.

ಈರುಳ್ಳಿಗೆ ಗಾಳಿಯಾಡುವ ಜಾಲರಿ ಚೀಲ, ಹಳೆಯ ಡಬ್ಬಿಗೆ ಹೊದಿಕೆ ಹೆಣೆದು ಪೆನ್ನಿನ ಸ್ಟ್ಯಾಂಡು, ಬಾಗಿಲ ಬಳಿ ಬೀಗದ ಕೈ ಹಾಕುವ ಪುಟ್ಟ ಬುಟ್ಟಿ, ಹೀಗೆ ಎಷ್ಟನ್ನಾದರೂ ಮಾಡಬಹುದು. ಆದರೆ ಮಸಿಬಟ್ಟೆ ಮಾತ್ರ ಉಳಿದ ಉಲ್ಲನ್ನಿನಿಂದ ಬೇಡ. ಅಂಗಡಿಯಲ್ಲಿ ‘ಉಲ್ಲನ್’ ಎಂದು ಮಾರುವ ಅಗ್ಗದ ದಾರ ಬಹುಪಾಲು ಅಕ್ರಿಲಿಕ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಬಿಸಿ ಬಾಣಲೆ ತಗುಲಿದರೆ ಕರಗಿ ಕೈಗೆ ಅಂಟಿಕೊಳ್ಳುತ್ತದೆ. ಬಿಸಿ ಪಾತ್ರೆ ಹಿಡಿಯಲು ದಪ್ಪನೆಯ ಶುದ್ಧ ಹತ್ತಿಯೇ ಸರಿ.

“ಹುಡುಗನಿಗೇಕೆ ಹೆಣಿಗೆ?” ಎಂದು ಮೂಗು ಮುರಿಯುವ ಹಿರಿಯರು ಕರಾವಳಿಗೆ ಹೋಗಿ ನೋಡಬೇಕು. ಅಲೆಯ ಮೇಲೆ ದೋಣಿ ನಡೆಸುವ ಗಂಡಸರೇ ದಡದಲ್ಲಿ ಕುಳಿತು ಹರಿದ ಬಲೆ ಹೆಣೆಯುತ್ತಾರೆ. ಬೆರಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲ.

ತಂದೆ ತಾಯಂದಿರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಎರಡು ಕಡ್ಡಿಯ ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಜೀವಂತವಾಗಿರುತ್ತವೆ, ಕಡ್ಡಿ ಜಾರಿದರೆ ಗೋಳು. ಕ್ರೋಶಾದಲ್ಲಿ ಕೈಯಲ್ಲಿರುವುದು ಬಹುಮಟ್ಟಿಗೆ ಒಂದೇ ಕುಣಿಕೆ. ತಪ್ಪಾಯಿತೇ? ಕಡ್ಡಿ ತೆಗೆದು ತುದಿ ಹಿಡಿದು ಎಳೆದರೆ ತಪ್ಪಿದ ಜಾಗದವರೆಗೆ ಸರಸರನೆ ಬಿಚ್ಚಿಕೊಳ್ಳುತ್ತದೆ. ಪಟ್ಟಿ ಒಂದಿಂಚೂ ಹಾಳಾಗುವುದಿಲ್ಲ. ಮತ್ತೆ ಎಣಿಸಿ ಹೆಣೆಯಬಹುದು. ತಪ್ಪಿಗೆ ಇಷ್ಟು ಸುಲಭವಾಗಿ ಕ್ಷಮೆ ಸಿಗುವ ಜಾಗ ಇಂದಿನ ಮಕ್ಕಳಿಗೆ ಎಷ್ಟಿದೆ? ಅಂಕದ ಭಯದಿಂದ ಅಮ್ಮನೇ ಅಂಟಿಸಿಕೊಟ್ಟ ಥರ್ಮೋಕೋಲ್ ಮನೆಯಲ್ಲಿ ಮಗು ತಪ್ಪು ಮಾಡುವುದಿಲ್ಲ, ನಿಜ. ಕಲಿಯುವುದೂ ಇಲ್ಲ.

ಆದ್ದರಿಂದ ಮುಂದಿನ ‘ಕಸದಿಂದ ರಸ’ಕ್ಕೆ ಅಪ್ಪ ಸ್ಕೂಟರ್ ತೆಗೆಯುವುದು ಬೇಡ, ಬೀರುವಿನ ಕೆಳಖಾನೆ ತೆರೆದರೆ ಸಾಕು. ಒಂದು ವಾರ ಮೊದಲೇ ತೆರೆಯಬೇಕು, ಅಷ್ಟೆ. ಅಜ್ಜಿ ಪಕ್ಕದಲ್ಲಿ ಕುಳಿತು ಹೊಲಿಗೆ ಎಣಿಸಲಿ, ಕಡ್ಡಿ ಮಾತ್ರ ಮಗುವಿನ ಕೈಯಲ್ಲೇ ಇರಲಿ. ಬುಟ್ಟಿ ಒಂದು ಕಡೆ ವಾಲಿದ್ದರೆ ವಾಲಿಕೊಂಡಿರಲಿ. ಅಜ್ಜಿಯ ಸೀರೆಯ ಬಣ್ಣ ಅದರಲ್ಲಿರುತ್ತದೆ, ಈರುಳ್ಳಿ ಅದರೊಳಗೆ ನಿಲ್ಲುತ್ತದೆ, ಹತ್ತು ವರ್ಷ ಕಳೆದ ಮೇಲೂ ಆ ಮನೆಯಲ್ಲಿ ಯಾರಾದರೂ ಅದನ್ನು ತೋರಿಸಿ “ಇದು ನಾನು ಮಾಡಿದ್ದು” ಎಂದು ಹೇಳಬಹುದು.