ಶೀರ್ಷಿಕೆಯಲ್ಲಿ ಯಾವ ಪದ ಇರಬೇಕು?

ಜಾಲತಾಣಗಳನ್ನು ಕಟ್ಟುವ ವೃತ್ತಿಯಲ್ಲಿರುವ ಶಿಷ್ಯರು ನನಗೆ ಹಲವರಿದ್ದೀರಿ. ಜನ ಹುಡುಕುವ ಪದ, ಅಂದರೆ ನೀವು ಕೀವರ್ಡ್ ಎನ್ನುವುದು, ಪುಟದ ಶೀರ್ಷಿಕೆಯಲ್ಲಿ ಇರಬೇಕೆಂಬುದು ನಿಮ್ಮ ವೃತ್ತಿಯ ಮೊದಲ ಪಾಠಗಳಲ್ಲೊಂದು. ಒಪ್ಪಿದೆ. ಆದರೆ ಕನ್ನಡದಲ್ಲಿ ಆ ಪದ ಯಾವುದು?

ಹಾವು ಕಚ್ಚಿದಾಗಿನ ಉಪಚಾರವನ್ನೇ ತೆಗೆದುಕೊಳ್ಳಿ. ಪಠ್ಯಪುಸ್ತಕದ ಭಾಷೆಯಲ್ಲಿ ಅದು ‘ಸರ್ಪದಂಶ: ಪ್ರಥಮ ಚಿಕಿತ್ಸೆ’. ಗದ್ದೆಯ ಬದುವಿನಲ್ಲಿ ಕಡಿಸಿಕೊಂಡವನ ಮಗ ಮೊಬೈಲಿನಲ್ಲಿ ಈ ಪದವನ್ನು ಒತ್ತುವನೇ? ‘ಹಾವು ಕಚ್ಚಿದರೆ ಏನು ಮಾಡಬೇಕು’ ಎಂದೋ ‘ಹಾವು ಕಡಿದರೆ’ ಎಂದೋ ಕೇಳುತ್ತಾನೆ. ಅದನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರು ಎಷ್ಟೋ ಮಂದಿ. (ಹಾವಿನ ಹೆಸರೆತ್ತಲು ಅಂಜಿ ‘ಹುಳ ಮುಟ್ಟಿತು’ ಎನ್ನುವ ಹಿರಿಯರ ಮಾತನ್ನು ಯಂತ್ರಕ್ಕೆ ಯಾರು ಕಲಿಸಬೇಕು!) ಸಾಲದೆಂಬಂತೆ ನಮ್ಮ ವಿಭಕ್ತಿ ಪ್ರತ್ಯಯಗಳು: ಹಾವು, ಹಾವಿನ, ಹಾವಿಗೆ. ಗೂಗಲ್ 2019ರಲ್ಲಿ ಬರ್ಟ್ ಎಂಬ ಭಾಷಾ ಮಾದರಿಯನ್ನು ಹುಡುಕಾಟಕ್ಕೆ ಅಳವಡಿಸಿತು; ಬಿಡಿ ಪದಕ್ಕಿಂತ ಮಾತಿನ ಸಂದರ್ಭವನ್ನು ಗ್ರಹಿಸುವುದು ಅದರ ಉದ್ದೇಶ. ಆದರೂ ತೆರೆಯ ಮೇಲೆ ಮೂಡಿದ ಹತ್ತು ಶೀರ್ಷಿಕೆಗಳಲ್ಲಿ ಯಾವುದನ್ನು ಒತ್ತಬೇಕೆಂದು ತೀರ್ಮಾನಿಸುವವನು ಗಾಬರಿಯಲ್ಲಿರುವ ಆ ಮನುಷ್ಯನೇ. ಅವನಾಡುವ ಮಾತು ಅಲ್ಲಿ ಕಾಣಬೇಕು.

ಇದರ ಅರ್ಥ ‘ಹಾವು ಕಚ್ಚಿದರೆ ಮನೆಮದ್ದು, ಹಾವಿನ ವಿಷಕ್ಕೆ ಮನೆಮದ್ದು, ಹಾವು ಕಡಿತಕ್ಕೆ ಮದ್ದು’ ಎಂದು ಒಂದೇ ಸಾಲಿನಲ್ಲಿ ತುರುಕಬೇಕೆಂದಲ್ಲ. ಓದುಗನ ಕಣ್ಣಿಗೆ ಕಾಣದಂತೆ ಪುಟದೊಳಗೆ ಪದಗಳ ಪಟ್ಟಿಯಿಡುವ ಮೆಟಾ ಕೀವರ್ಡ್ಸ್ ಎಂಬ ಏರ್ಪಾಡಿತ್ತು. ಅದರ ದುರುಪಯೋಗ ಮಿತಿಮೀರಿತ್ತು. ಪುಟಗಳ ಶ್ರೇಯಾಂಕ ನಿರ್ಣಯದಲ್ಲಿ ತಾನು ಅದನ್ನು ಪರಿಗಣಿಸುವುದಿಲ್ಲವೆಂದು ಗೂಗಲ್ 2009ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು. ಕೀವರ್ಡ್‌ಗಳನ್ನು ಹೀಗೆ ತುರುಕುವುದನ್ನು ಅದರ ನಿಯಮಾವಳಿ ಸ್ಪ್ಯಾಮ್ ಎಂದೇ ಎಣಿಸುತ್ತದೆ. ಯಂತ್ರ ಏನೆಂದುಕೊಂಡರೂ ಇರಲಿ, ಮನೆಮದ್ದಿನ ಆಸೆ ತೋರಿಸುವ ಶೀರ್ಷಿಕೆಯಿಂದ ರೋಗಿ ಆಸ್ಪತ್ರೆ ತಲುಪುವುದು ತಡವಾಗುತ್ತದೆ. ವಿಷ ಏರಿದವನಿಗೆ ಬೇಕಾದದ್ದು ಪ್ರತಿವಿಷದ ಚುಚ್ಚುಮದ್ದು. ‘ಮನೆಮದ್ದು’ ಎಂಬ ಪದವನ್ನು ಎಷ್ಟೇ ಜನ ಹುಡುಕಲಿ, ಈ ಪುಟದ ಶೀರ್ಷಿಕೆಗೆ ಅದು ಸಲ್ಲದು.

ನನ್ನನ್ನು ಕೇಳಿದರೆ ಮುಖ್ಯ ಶೀರ್ಷಿಕೆ, ಅಂದರೆ ನಿಮ್ಮ ಎಚ್1, ‘ಹಾವು ಕಚ್ಚಿದರೆ ತಕ್ಷಣ ಏನು ಮಾಡಬೇಕು’ ಎಂದಿರಲಿ. ಅದರ ಕೆಳಗಿನ ಎಚ್2ಗಳು ‘ಕಚ್ಚಿದ ಕೈಕಾಲನ್ನು ಅಲುಗಾಡಿಸಬೇಡಿ’, ‘ಹಾವು ಕಡಿದ ಜಾಗವನ್ನು ಕೊಯ್ಯಬೇಡಿ, ಹೀರಬೇಡಿ, ಬಿಗಿದು ಕಟ್ಟಬೇಡಿ’, ‘108ಕ್ಕೆ ಕರೆಮಾಡಿ, ಬೇಗ ಆಸ್ಪತ್ರೆಗೆ ಹೋಗಿ’ ಎಂದಿರಲಿ. ಉಪಶೀರ್ಷಿಕೆಗಳನ್ನಷ್ಟೇ ಓದಿದವನಿಗೂ ಕೆಲಸ ನಡೆಯಬೇಕು. ‘ಸರ್ಪದಂಶ’ಕ್ಕೆ ಕೆಳಗಿನ ಯಾವುದಾದರೊಂದು ಪರಿಚ್ಛೇದದಲ್ಲಿ ಜಾಗ ಕೊಡಿ.