ಅಮೆರಿಕಕ್ಕೆ ಎಷ್ಟು ಗಂಟೆ?

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಡುವ ತಾಯಂದಿರು ಈಗ ಬೀದಿಗೊಬ್ಬರು ಸಿಗುತ್ತಾರೆ. ಅಂಟಿನುಂಡೆ, ಸಾರಿನ ಪುಡಿ, ಮಗುವಿಗೆ ಕುಲಾವಿ ಎಲ್ಲಕ್ಕೂ ಪಟ್ಟಿ ಇರುತ್ತೆ. ಆದರೆ "ಎಷ್ಟು ಹೊತ್ತಿನ ಪ್ರಯಾಣ?" ಅಂತ ಕೇಳಿ ನೋಡಿ, ಟಿಕೆಟ್ ತಿರುಗಿಸಿ ಮುರುಗಿಸಿ ತಬ್ಬಿಬ್ಬಾಗುತ್ತಾರೆ. ಈ ಲೆಕ್ಕ ತಿಳಿದಿರಲೇಬೇಕು, ಸೋದರಿಯರೇ. ಸಕ್ಕರೆ ಕಾಯಿಲೆಯವರಿಗಂತೂ ಇದು ಜೀವದ ಪ್ರಶ್ನೆ.

ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ಒಂದರಿಂದ ಒಂದನ್ನು ಕಳೆದರೆ ತಪ್ಪು ಉತ್ತರವೇ ಬರುತ್ತೆ. ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ.

ಒಂದು ಉದಾಹರಣೆ ಕೊಡುತ್ತೇನೆ. 2021ರ ಜನವರಿ 9ರ ರಾತ್ರಿ ಎಂಟೂವರೆಗೆ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ಎಲ್ಲೂ ಇಳಿಯದೆ, 11ರ ನಸುಕಿನಲ್ಲಿ ಬೆಂಗಳೂರು ತಲುಪಿತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಸಂಗಡಿಗರು, ಎಲ್ಲರೂ ಹೆಂಗಸರೇ! ಕ್ಯಾಲೆಂಡರಿನಲ್ಲಿ ಎರಡು ತಾರೀಖು ಉರುಳಿದವು, ಆದರೆ ಹಾರಿದ್ದು ಸುಮಾರು 17 ಗಂಟೆ ಮಾತ್ರ. ದೂರ ಸುಮಾರು 14,000 ಕಿಲೋಮೀಟರ್.

ಅವರು ಬಂದದ್ದು ಉತ್ತರ ಧ್ರುವದ ಮೇಲಿನ ದಾರಿಯಲ್ಲಿ. ಅದೇಕೆ ಅಂತೀರಾ? ಒಂದು ಕಿತ್ತಳೆ ಹಣ್ಣು ತೆಗೆದುಕೊಳ್ಳಿ. ನಡುವಿಗಿಂತ ಸ್ವಲ್ಪ ಮೇಲೆ, ಎದುರುಬದುರು ಮಗ್ಗುಲಲ್ಲಿ ಎರಡು ಚುಕ್ಕೆ ಇಡಿ. ದಾರ ಹಿಡಿದು ಅಳೆದರೆ ಸುತ್ತಿ ಬರುವುದಕ್ಕಿಂತ ತೊಟ್ಟಿನ ಮೇಲೆ ಹಾಯುವುದೇ ಹತ್ತಿರ.

ಆದರೆ ಹಾರುವ ಗಂಟೆಯೇ ಪ್ರಯಾಣದ ಗಂಟೆಯಲ್ಲ. ಮನೆ ಹೊಸ್ತಿಲಿನಿಂದ ಎಣಿಸಬೇಕು. ಮೈಸೂರಿನವರಾದರೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ನಾಲ್ಕು ಗಂಟೆ, ಅಲ್ಲಿ ಮೂರು ಗಂಟೆ ಮುಂಚೆ ಹಾಜರಿ. ನಡುವೆ ಒಂದು ಕಡೆ ವಿಮಾನ ಬದಲಿಸುವುದಾದರೆ ಇಪ್ಪತ್ತೆರಡು ಗಂಟೆಯಾದರೂ ಹಿಡಿಯಿರಿ. ಆ ಕಡೆ ತಪಾಸಣೆ, ಸಾಮಾನು ಅಂತ ಎರಡು ಗಂಟೆ. ಒಟ್ಟು 31 ಗಂಟೆ ಆಯಿತಲ್ಲ!

ಈಗ ಹೇಳಿ, "ಬೆಳಿಗ್ಗೆ ಒಂದು, ರಾತ್ರಿ ಒಂದು" ಎಂಬ ಮಾತ್ರೆಯನ್ನು ಯಾವ ಊರಿನ ಬೆಳಿಗ್ಗೆ ನುಂಗುತ್ತೀರಿ? ಗೊಂದಲದಲ್ಲಿ ಒಂದು ಹೊತ್ತಿನದು ಬಿಟ್ಟುಹೋಗಬಹುದು, ಇಲ್ಲವೇ ಎರಡು ಸಲ ಆಗಿಬಿಡಬಹುದು. ಇನ್ಸುಲಿನ್ ಆದರಂತೂ ಎರಡೂ ಅಪಾಯ. ಹೊರಡುವ ಮುಂಚೆ ಟಿಕೆಟ್ ಸಮೇತ ಡಾಕ್ಟರರ ಹತ್ತಿರ ಹೋಗಿ, ಎಷ್ಟೆಷ್ಟು ಗಂಟೆಗೆ ಏನು ಅಂತ ಬರೆಸಿಕೊಳ್ಳಿ. ಔಷಧಿ, ಚೀಟಿ ಎರಡೂ ಕೈಚೀಲದಲ್ಲೇ ಇರಲಿ. ಮೊಬೈಲ್ ತಾನಾಗಿ ಸಮಯ ಬದಲಿಸಿಕೊಂಡುಬಿಡುತ್ತೆ. ಅದಕ್ಕೇ ಕೈಗಡಿಯಾರವನ್ನು ಮಗಳ ಮನೆ ಸೇರುವವರೆಗೆ ನಮ್ಮ ಸಮಯದಲ್ಲೇ ಬಿಟ್ಟಿರಿ.

ಗಂಟೆಗಟ್ಟಲೆ ಕಾಲು ಮಡಚಿ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಸಂಕೋಚ ಬಿಟ್ಟು ಆಗಾಗ ಎದ್ದು ಓಡಾಡಿ. ಪಕ್ಕದವರಿಗೆ ತೊಂದರೆ ಅಂತ ನೀರು ಕುಡಿಯುವುದನ್ನೂ ಬಿಡಬೇಡಿ.

ಮನೆಯಲ್ಲಿ ಉಳಿದವರಿಗೂ ತಲುಪುವ ಹೊತ್ತನ್ನು ನಮ್ಮ ಸಮಯದಲ್ಲೇ ಬರೆದು ಗೋಡೆಗೆ ಅಂಟಿಸಿ. ಫೋನ್ ಬರಲಿಲ್ಲ ಅಂತ ಯಜಮಾನರು ರಾತ್ರಿಯೆಲ್ಲ ಶತಪಥ ತಿರುಗುವುದಾದರೂ ತಪ್ಪುತ್ತೆ. ಹೋಗಿಬನ್ನಿ, ಮೊಮ್ಮಗುವಿಗೆ ಎಣ್ಣೆ ನೀರು ಹಾಕಿ ಬನ್ನಿ.