ದೇಶ ಒಂದು, ಪಾಠ ಹಲವು

ಮನೆಯೇ ಮೊದಲ ಪಾಠಶಾಲೆಯೆಂಬ ಮಾತನ್ನು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಸಂಜೆ ಮಗುವಿನ ಪುಸ್ತಕವನ್ನು ಕೈಗೆತ್ತಿಕೊಂಡಾಗ ನಾವು ಮಾಡುವುದು ಪ್ರಶ್ನೋತ್ತರಗಳನ್ನು ಒಪ್ಪಿಸಿಕೊಳ್ಳುವ ಕೆಲಸವನ್ನಷ್ಟೆ. ನಾರ್ವೆಯ ರಾಜಧಾನಿ ಓಸ್ಲೋ ಎಂದು ಮಗು ಭೂಗೋಳದಲ್ಲಿ ಬಾಯಿಪಾಠ ಮಾಡುತ್ತದೆ. ವಿಜ್ಞಾನದಲ್ಲಿ ಸೆಲ್ಸಿಯಸ್ ಎಂದು ಬರೆಯುತ್ತದೆ. ಕಥೆಯ ಪುಸ್ತಕದಲ್ಲಿ ಆಂಡರ್ಸನ್ ಎಂಬ ಹೆಸರನ್ನು ಓದುತ್ತದೆ. ಇವೆಲ್ಲವೂ ಒಂದಕ್ಕೊಂದು ನೆರೆಯಾದ ನಾಡುಗಳಿಂದ ಬಂದವೆಂಬುದು ಅದಕ್ಕೆ ಹೊಳೆಯುವುದಿಲ್ಲ. ಶಾಲೆ ಬಿಡಿಬಿಡಿಯಾಗಿ ಕೊಟ್ಟುದನ್ನು ಕೂಡಿಸಿಕೊಡುವ ಹೊಣೆ ತಾಯಿತಂದೆಯರದು. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಎಂಬ ಸ್ಕ್ಯಾಂಡಿನೇವಿಯಾದ ಮೂರು ನಾಡುಗಳನ್ನೇ ಈ ಸಲ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲು ಭೂಪಟವನ್ನು ಹರಡಿರಿ. ನಾರ್ವೆಯ ಉತ್ತರದ ಟ್ರೊಮ್ಸೊ ಪಟ್ಟಣದಲ್ಲಿ ಮೇ ತಿಂಗಳ ಮೂರನೆಯ ವಾರದಿಂದ ಸುಮಾರು ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲ. ಏಕೆಂದು ಮಗು ಕೇಳಿದರೆ ಒಂದು ಚೆಂಡನ್ನು ತುಸು ಓರೆಯಾಗಿ ಹಿಡಿದು, ದೀಪದ ಮುಂದೆ ತಿರುಗಿಸಿ ತೋರಿಸಿರಿ. ಭೂಮಿಯ ಓರೆ ಅರ್ಥವಾದರೆ ಋತುಗಳ ಪಾಠವೂ ಅರ್ಥವಾದಂತೆಯೇ.

ವಿಜ್ಞಾನಕ್ಕೆ ಸ್ವೀಡನ್ನಿಗೆ ಹೋಗೋಣ. ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಉಷ್ಣಮಾನವನ್ನು ಮುಂದಿಟ್ಟಾಗ ನೀರು ಕುದಿಯುವ ಬಿಂದು ಸೊನ್ನೆ, ಹೆಪ್ಪುಗಟ್ಟುವ ಬಿಂದು ನೂರು ಆಗಿತ್ತು. ಅದನ್ನು ತಿರುವಿಹಾಕಿ ಇಂದಿನ ರೂಪ ಕೊಟ್ಟದ್ದು ತರುವಾಯ. ಹಿರಿಯರು ಮಾಡಿದ್ದನ್ನೂ ತಿದ್ದಬಹುದೆಂಬ ವಿವೇಕ ಇಲ್ಲಿದೆ. ಅದೇ ನಾಡಿನ ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಸಸ್ಯಗಳಿಗೆ ಎರಡೆರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದನು. ನಾವು ಪೂಜೆಗೆ ಬಳಸುವ ಬಿಲ್ವವು ಲೋಕದ ಸಸ್ಯಶಾಸ್ತ್ರಜ್ಞರಿಗೆಲ್ಲ ಏಗ್ಲೆ ಮಾರ್ಮೆಲೋಸ್ ಆಗಿರುವುದು ಆ ಪದ್ಧತಿಯಂತೆಯೇ.

ಭಾಷೆಯ ಪಾಠಕ್ಕೆ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಇದ್ದಾನೆ. 1805ರಲ್ಲಿ ಹುಟ್ಟಿದ ಅವನ ತಂದೆ ಪಾದರಕ್ಷೆ ಹೊಲಿಯುವವನು, ತಾಯಿ ಬಟ್ಟೆ ಒಗೆಯುವವಳು. ಹರಳಯ್ಯ, ಮಡಿವಾಳ ಮಾಚಯ್ಯ ಮೊದಲಾದ ಶರಣರ ಕಥೆ ಕೇಳಿ ಬೆಳೆದ ನಮ್ಮ ಮಕ್ಕಳಿಗೆ, ಅಂಥ ಮನೆಯಿಂದ ಲೋಕವೇ ಓದುವ ಕಥೆಗಾರನೊಬ್ಬ ಬಂದನೆಂಬುದು ವಿಚಿತ್ರವೆನಿಸದು.

ಕೈಕೆಲಸವನ್ನು ಮರೆಯಬಾರದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ವೀಡನ್ನಿನ ಓಟ್ಟೊ ಸಾಲೊಮನ್, ಮರಗೆಲಸವನ್ನು ಶಾಲೆಯ ಪಾಠವಾಗಿ ಕಲಿಸಲು ಶಿಕ್ಷಕರನ್ನು ಸಿದ್ಧಗೊಳಿಸಿದನು. ‘ಸ್ಲಾಯ್ಡ್’ ಎಂಬ ಈ ಕ್ರಮದ ಗುರಿ ಎಲ್ಲರನ್ನೂ ಬಡಗಿಗಳನ್ನಾಗಿ ಮಾಡುವುದಲ್ಲ. ದುಡಿಮೆಯಲ್ಲಿ ಗೌರವ, ಕೆಲಸದಲ್ಲಿ ಅಚ್ಚುಕಟ್ಟು ಬೆಳೆಸುವುದು. ಕಾಯಕವನ್ನು ಕೊಂಡಾಡುವ ನಮ್ಮ ಮನೆಗಳಲ್ಲಿ ಎಷ್ಟು ಮಕ್ಕಳ ಕೈ ಸುತ್ತಿಗೆ, ಸೂಜಿಗಳನ್ನು ಹಿಡಿದಿವೆ?

ಇತಿಹಾಸವನ್ನು ಹೇಳುವಾಗ ಹೊಗಳಿಕೆಯೊಂದನ್ನೇ ಹೇಳಬಾರದು. ಉತ್ತರ ಭಾಗದಲ್ಲಿ ಸಾಮಿ ಎಂಬ ಮೂಲನಿವಾಸಿಗಳಿದ್ದಾರೆ. ಅವರ ಮಕ್ಕಳು ಶಾಲೆಯಲ್ಲಿ ತಾಯ್ನುಡಿ ಆಡದಂತೆ ನಾರ್ವೆಯ ಸರಕಾರ ದೀರ್ಘಕಾಲ ತಡೆಯಿತು. ತಮ್ಮ ನುಡಿಗೆ ತಾವೇ ನಾಚುವಂತೆ ಎಷ್ಟೋ ಮಕ್ಕಳು ಬೆಳೆದರು. ಆ ಅನ್ಯಾಯಕ್ಕಾಗಿ ದೊರೆ ಐದನೆಯ ಹರಾಲ್ಡ್ 1997ರಲ್ಲಿ ಸಾಮಿ ಸಂಸತ್ತಿನಲ್ಲಿ ಕ್ಷಮೆ ಕೋರಿದನು. ಅಲ್ಲಿ ಸರಕಾರ ಮಾಡಿದ್ದನ್ನು ಇಲ್ಲಿ ನಾವೇ ಮಾಡುತ್ತಿಲ್ಲವೆ? ಮನೆಗೆ ಬಂದ ನೆಂಟರೆದುರು ಮಗು ಕನ್ನಡದಲ್ಲಿ ಮಾತನಾಡಿದರೆ ಸಂಕೋಚಪಡುವವರು ನಮ್ಮಲ್ಲಿಯೂ ಇದ್ದಾರೆ. ಈ ಪಾಠವನ್ನು ಮಗುವಿಗಿಂತ ಮೊದಲು ನಾವು ಕಲಿಯಬೇಕಾಗಿದೆ.

ಅದೇ ಪ್ರದೇಶದಿಂದಲೇ ಇನ್ನೊಂದು ಬೆಳಕೂ ಬಂದಿತು. ಡೆನ್ಮಾರ್ಕಿನ ಗ್ರುಂಡ್ಟ್‌ವಿಗ್‌ನ ವಿಚಾರದಿಂದ 1844ರಲ್ಲಿ ರೊಡ್ಡಿಂಗ್ ಎಂಬಲ್ಲಿ ಮೊದಲ ಜನತಾ ವಿದ್ಯಾಲಯ ತೆರೆಯಿತು. ರೈತರ ಮಕ್ಕಳು ತಾಯ್ನುಡಿಯಲ್ಲಿಯೇ ಕಲಿತು ಬಾಳಿಗೆ ಸಿದ್ಧರಾಗಬೇಕೆಂಬುದು ಅದರ ಆಶಯ. ಹಿಂದಿನ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿಯು ಗ್ರಾಮೀಣ ಯುವಕರಿಗಾಗಿ ತೆರೆದ ವಿದ್ಯಾಪೀಠಗಳಿಗೆ ಈ ವಿದ್ಯಾಲಯಗಳೇ ಮಾದರಿ. ದೂರದ ನಾಡಿನ ಒಳಿತು ನಮ್ಮ ಹಳ್ಳಿಗೂ ಬಂದುದು ಹೀಗೆ.

ಸಂಜೆ ಪೂಜೆಯ ಬಳಿಕ ವಾರಕ್ಕೆ ಅರ್ಧ ಗಂಟೆ ಸಾಕು. ಭೂಪಟ, ಚೆಂಡು, ಅಂಗಳದ ಒಂದು ಎಲೆ, ಒಂದು ಕಥೆ, ಬೇರೆ ಖರ್ಚಿಲ್ಲ. ಪರನಾಡನ್ನು ಅದರ ಗುಣದೋಷಗಳೆರಡರೊಡನೆ ಅರಿತ ಮಗು ಅದನ್ನು ಕಂಡು ಬೆರಗಾಗಿ ತನ್ನದನ್ನು ತೊರೆಯದು. ತನ್ನದೇ ದೊಡ್ಡದೆಂದು ಬೀಗದು. ಪರರನ್ನು ನಮ್ಮವರೆಂದು ಕಾಣುವ ಶರಣರ ದೃಷ್ಟಿ ಮನೆಯಲ್ಲಿ ಮೊಳೆಯುವುದು ಇಂಥ ಸಂಜೆಗಳಲ್ಲಿಯೇ ಎಂದು ನಾವು ನಂಬಿದ್ದೇವೆ.